ಹರವಿಗೊಂದು ಸುಳ್ಳು

ಮೊನ್ನೆ ಬೆಳಿಗ್ಗೆ ಮೊಮ್ಮಗನ ಹೆಂಡತಿ ಇಡ್ಲಿ ಹಿಟ್ಟಿನ ಪಾತೇಲಿಗೆ ನನ್ನ ಶಾಲು ಸುತ್ತಿ ಒಲೆಯ ಮಗ್ಗುಲಲ್ಲಿ ಇಟ್ಟಿದ್ದಳು. ಈ ಚಳಿಗೆ ಹಿಟ್ಟು ಉಬ್ಬುವುದಿಲ್ಲವಂತೆ. ಎಂಬತ್ತು ದಾಟಿದ ಮುದುಕಿ ನಡುಗುತ್ತ ಕುಳಿತಿರಬೇಕು, ಹಿಟ್ಟು ಬೆಚ್ಚಗೆ ಮಲಗಿರಬೇಕು! ನಾಲ್ಕು ಮಾತು ಅನ್ನೋಣವೆಂದೇ ಅಡುಗೆಮನೆಗೆ ಹೋದೆ. ಹೋದರೆ ಆ ಹಿಟ್ಟಿನ ಹುಳಿ ವಾಸನೆ, ಅದರ ಜೊತೆಗೆ ಹಿತ್ತಲ ಗೋಡೆಗೆ ಬಳಿಯಲೆಂದು ನೆನೆಹಾಕಿದ ಸುಣ್ಣದ ವಾಸನೆ, ಎರಡೂ ಕೂಡಿ ಮೂಗಿಗೆ ಬಡಿದವು. ಅನ್ನಬೇಕಾದ ಮಾತು ಮರೆತು ಅಲ್ಲೇ ಮಣೆಯ ಮೇಲೆ ಕುಳಿತುಬಿಟ್ಟೆ. ಅದು ಹಾನಗಲ್ಲಿನ ನಮ್ಮ ನೀಲಿಮನೆಯ ವಾಸನೆ. ಆ ಮನೆ ಬಿಟ್ಟು ಎಷ್ಟೋ ಕಾಲವಾಯಿತು.

ನೀಲಿಮನೆ ಎಂದರೆ ಈಗಿನವರಿಗೆ ಗೊತ್ತಾಗುವುದಿಲ್ಲ. ನಾವು ನೀಲಗಾರರು. ನೇಕಾರರು ತಂದುಕೊಡುವ ಬಿಳಿ ನೂಲಿಗೆ ನೀಲಿ ಬಣ್ಣ ಹಾಕಿಕೊಡುವುದು ನಮ್ಮ ಕಸುಬು. ಕತ್ತಲೆ ಕೋಣೆಯಲ್ಲಿ ದೊಡ್ಡ ದೊಡ್ಡ ಮಣ್ಣಿನ ಹರವಿಗಳನ್ನು ಕುತ್ತಿಗೆಯವರೆಗೆ ನೆಲದಲ್ಲಿ ಹೂತಿರುತ್ತಿದ್ದರು. ನೀಲಿಯ ಗಟ್ಟಿಯನ್ನು ಅರೆದು ಅದರಲ್ಲಿ ಹಾಕಿ, ಸುಣ್ಣದ ತಿಳಿ, ಬೆಲ್ಲ, ಬೇಯಿಸಿದ ತಗಚೆ ಬೀಜ ಕೂಡಿಸಿ ಹುಳಿ ಬರಿಸಬೇಕು. ಹುಳಿ ಬಂತೆಂದರೆ ಹರವಿ ಬದುಕಿತು ಎನ್ನುತ್ತಿದ್ದರು. ಬದುಕಿದ ಹರವಿಯ ನೀರು ನೀಲಿ ಇರುವುದಿಲ್ಲ, ಹಳದಿಯೂ ಹಸಿರೂ ಕಲೆತ ಬಣ್ಣ. ಮೇಲೆ ತಾಮ್ರದ ಹೊಳಪಿನ ನೊರೆ. ಅದರಲ್ಲಿ ಅದ್ದಿ ತೆಗೆದ ನೂಲು ಹಸಿರಾಗಿ ಬಂದು, ಗಾಳಿ ತಾಗಿದ ಹಾಗೆ ಕಣ್ಣೆದುರೇ ನೀಲಿಯಾಗುತ್ತಿತ್ತು. ನಾನು ಸಾವಿರ ಸಲ ನೋಡಿದ್ದೇನೆ, ಒಂದು ಸಲವೂ ಬೇಸರ ಬಂದಿಲ್ಲ.

ನನ್ನ ತವರು ಹಿರೇಕೆರೂರು ಕಡೆ. ಅದೂ ನೀಲಗಾರರ ಮನೆಯೇ, ಆದರೆ ನಮ್ಮಪ್ಪ ಯಾವತ್ತೋ ಹರವಿಗಳನ್ನು ಮುಚ್ಚಿಸಿ ಹೊಲಕ್ಕೆ ಇಳಿದಿದ್ದ. ಪರದೇಶದಿಂದ ಡಬ್ಬಿಗಳಲ್ಲಿ ಬಣ್ಣದ ಪುಡಿ ಬರತೊಡಗಿದ ಮೇಲೆ ನೇಕಾರರು ತಮ್ಮ ಮನೆಯಲ್ಲೇ ನೀರು ಕಾಯಿಸಿ ಬಣ್ಣ ಹಾಕಿಕೊಳ್ಳುತ್ತಿದ್ದರು. ನಮ್ಮನ್ನು ಯಾರು ಕೇಳಬೇಕು? ನಾನು ಸೊಸೆಯಾಗಿ ಹಾನಗಲ್ಲಿಗೆ ಬಂದಾಗ ಮಾವನವರು, ಈರಪ್ಪ ಅಂತ ಅವರ ಹೆಸರು, ಒಂದೇ ಒಂದು ಹರವಿ ನಡೆಸುತ್ತಿದ್ದರು. ಉಳಿದವು ಖಾಲಿ. ಅತ್ತೆ ಗೌರವ್ವ ಒಂದರಲ್ಲಿ ಜೋಳ ತುಂಬಿಟ್ಟಿದ್ದಳು. ಮಾವನವರು ಅದನ್ನು ನೋಡಿದಾಗೆಲ್ಲ ಮುಖ ಹೊರಳಿಸುತ್ತಿದ್ದರು.

ಆಮೇಲೆ ಜಗತ್ತಿನ ಆ ಎರಡನೇ ಯುದ್ಧ ಬಂತು. ಯುದ್ಧಕ್ಕೂ ಹಾನಗಲ್ಲಿಗೂ ಏನು ಸಂಬಂಧ ಅಂತ ನಾವು ಅಂದುಕೊಂಡಿದ್ದೆವು. ಮರುವರ್ಷದ ಮಳೆಗಾಲದಲ್ಲಿ ಶಿಗ್ಗಾಂವದ ರುದ್ರಪ್ಪನವರ ಗಾಡಿ ನಮ್ಮ ಬಾಗಿಲಿಗೆ ಬಂದು ನಿಂತಾಗ ಸಂಬಂಧ ತಿಳಿಯಿತು. ರುದ್ರಪ್ಪನವರು ಮಗ್ಗಗಳ ಧಣಿ. ಮನೆಯಲ್ಲಿ ಮಗ್ಗ ಇದ್ದವು, ಸುತ್ತಲಿನ ನೇಕಾರರಿಗೂ ಅವರೇ ನೂಲು ಕೊಟ್ಟು ಸೀರೆ ನೇಯಿಸುತ್ತಿದ್ದರು. ಹಡಗು ನಿಂತು ಪುಡಿ ಬರುವುದು ನಿಂತಿತ್ತು. ಅವರು ಮೊದಲು ಒಂದು ಸಣ್ಣ ಹೊರೆ ನೂಲು ಕೊಟ್ಟು ನೋಡಿದರು, ಆಮೇಲೆ ಇನ್ನೊಂದು. ಆ ಮಳೆಗಾಲ ನಮ್ಮ ಮನೆಯಲ್ಲಿ ನಗು ಕೇಳಿಸಿತು. ಅತ್ತೆ ತಾನೇ ಮುಂದಾಗಿ ಜೋಳವನ್ನು ಚೀಲಕ್ಕೆ ಸುರಿದು ಹರವಿ ತೊಳೆದುಕೊಟ್ಟಳು.

ನವರಾತ್ರಿ ಹೊತ್ತಿಗೆ ರುದ್ರಪ್ಪನವರು ತಾವೇ ಬಂದರು. ಜಗಲಿಯಲ್ಲಿ ಕುಳಿತು ಎಲೆಗೆ ಸುಣ್ಣ ಹಚ್ಚುತ್ತ ಕೇಳಿದರು.

"ಈರಪ್ಪನವರ, ದೀಪಾವಳಿ ಆದಮ್ಯಾಲ ಗಾಡಿ ತುಂಬ ನೂಲು ಕಳಸ್ತೇನಿ. ಲಗ್ನದ ಸೀರಿ ನೇಯೂದೈತಿ, ಸಂಕ್ರಾಂತಿಗೆ ಬಣ್ಣ ಆಗಿರಬೇಕು. ಥಂಡಿಯಾಗ ಹರವಿ ನಡೀತಾವೇನ್ರಿ? ಖರೇ ಹೇಳ್ರಿ."

"ನಮ್ಮಪ್ಪ ನಡೆಸ್ಯಾನ್ರಿ, ನಾನೂ ನಡೆಸ್ತೇನಿ. ನೂಲು ಕಳಸ್ರಿ ನೀವು" ಎಂದರು ಮಾವ.

"ಇದೊಂದು ಚೊಲೋತ್ನಂಗ ಆತಂದ್ರ ಶಿಗ್ಗಾಂವ, ಸವಣೂರು ಕಡೆ ನೇಕಾರ್ರೆಲ್ಲಾ ನಿಮ್ಮ ಮನಿಗೇ ಬರ್ತಾರ ನೋಡ್ರಿ."

ಆ ಮಾತಿನ ಮೇಲೆ ನಾವು ಆ ಚಳಿಗಾಲಕ್ಕೆ ಕಾಲಿಟ್ಟೆವು. ಹರವಿಗೆ ಚಳಿಯೇ ಶತ್ರು. ನೀರು ತಣ್ಣಗಾದರೆ ಹುಳಿ ನಿಲ್ಲುತ್ತದೆ, ಹುಳಿ ನಿಂತರೆ ಬಣ್ಣ ನೂಲಿಗೆ ಹತ್ತುವುದಿಲ್ಲ, ತೊಳೆದರೆ ನೀರಿನ ಜೊತೆ ಹೋಗುತ್ತದೆ. ಹಾಗಾಗಿ ದೀಪಾವಳಿಯ ಹಣತೆ ತೆಗೆದಿಡುವ ಮೊದಲೇ ನೀಲಿಮನೆಯ ಕೆಲಸ ಹಿಡಿದೆವು, ದೊಡ್ಡದೊಂದೇ ಹರವಿ ಇಟ್ಟುಕೊಂಡು. ಗೋಡೆಯ ಬಿರುಕಿಗೆಲ್ಲ ಮಣ್ಣು ಮೆತ್ತಿದ್ದು ನಾನು. ಅಕ್ಕಿಆಲೂರಿನ ಗಿರಣಿಯಿಂದ ಭತ್ತದ ಹೊಟ್ಟು ತಂದದ್ದು ನನ್ನ ಗಂಡ, ನಮ್ಮ ಮನೆಯವರು. ಹರವಿಯ ಸುತ್ತ ನೆಲ ಅಗೆದು, ಹೊಟ್ಟು ತುಂಬಿ, ಅದರ ಮೇಲೆ ಕುದುರೆ ಲದ್ದಿ ಹಾಕಿ ತುಳಿದು ಮುಚ್ಚಬೇಕು. ಲದ್ದಿ ಒಳಗೊಳಗೇ ಕಾವು ಕೊಡುತ್ತದೆ.

"ಶಾಂತವ್ವ, ಟಾಂಗಾ ನಿಲ್ಲೂ ಕಡೆ ಹೋಗಿ ಲದ್ದಿ ತುಂಬ್ಕೊಂಡು ಬಾ. ಬಿಸಿ ಇದ್ದಾಗ ತರಬೇಕು ನೋಡು, ಆರಿದ್ದು ತಂದ್ರ ಪ್ರಯೋಜನಿಲ್ಲ" ಎಂದು ಅತ್ತೆ ಬುಟ್ಟಿ ಕೊಟ್ಟಳು.

ಹೊಸ ಸೊಸೆ, ಹಾವೇರಿಗೆ ಹೋಗುವ ಟಾಂಗಾದವರ ಎದುರು ಬುಟ್ಟಿ ಹಿಡಿದು ಕುದುರೆಯ ಹಿಂದೆ ಕಾಯುತ್ತ ನಿಲ್ಲಬೇಕು. ತವರಿನಲ್ಲಿ ಹೇಳಿದರೆ ಅವ್ವ ಎದೆ ಬಡಿದುಕೊಳ್ಳುತ್ತಿದ್ದಳು. ನಾನು ಬೈದುಕೊಳ್ಳುತ್ತಲೇ ಹೋದೆ, ಬೈದುಕೊಳ್ಳುತ್ತಲೇ ತಂದೆ. ಮನೆಯಲ್ಲಿದ್ದ ಕಂಬಳಿಗಳೆಲ್ಲ ನೀಲಿಮನೆಯ ಬಾಗಿಲಿಗೆ, ಹರವಿಯ ಬಾಯಿಗೆ ಹೋದವು. ನಮಗೆ ಹರಿದ ಕೌದಿ. ಮಾವನವರು ದಿನಾ ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹರವಿಯ ಕುತ್ತಿಗೆಗೆ ವಿಭೂತಿ ಹಚ್ಚಿ, ಕಂಬಳಿ ಸರಿಸಿ ಒಂದು ಹನಿ ನಾಲಿಗೆಗೆ ಇಟ್ಟು ನೋಡುತ್ತಿದ್ದರು. ನಾಲಿಗೆಯಲ್ಲೇ ಅವರಿಗೆ ಎಲ್ಲ ಗೊತ್ತಾಗುತ್ತಿತ್ತು. ಚೆನ್ನಾಗಿದ್ದ ದಿನ ಹೊರಗೆ ಬಂದು ಅತ್ತೆಯನ್ನು ಏನಾದರೂ ಕೆಣಕುತ್ತಿದ್ದರು, ಕೆಟ್ಟಿದ್ದ ದಿನ ಸುಮ್ಮನೆ ರೊಟ್ಟಿ ತಿನ್ನುತ್ತಿದ್ದರು.

ನೂಲು ಬಂತು. ನಡುಮನೆಯಲ್ಲಿ ಮಲಗಲು ಜಾಗವಿಲ್ಲದಷ್ಟು. ಅದರ ಹಿಂದೆಯೇ ಚಳಿಯೂ ಬಂತು, ಆ ವರ್ಷ ಕಾರ್ತಿಕದಲ್ಲೇ. ಆನೆಕೆರೆಯ ಮೇಲಿನ ಮಂಜು ಊಟದ ಹೊತ್ತಿಗೂ ಕರಗುತ್ತಿರಲಿಲ್ಲ. ಗದ್ದೆಯಲ್ಲಿ ಕೊಯ್ದ ಭತ್ತ ಇಬ್ಬನಿಗೆ ಒದ್ದೆಯಾಗಿ ಬಿದ್ದಿತ್ತು. ಬಿಸಿಲು ಕಾಣದೆ ಜನ ಮೋಡಕ್ಕೆ ಬೈಯುತ್ತಿದ್ದರು. ಅಂಥ ಒಂದು ಬೆಳಿಗ್ಗೆ ಮಾವ ನೀಲಿಮನೆಯಿಂದ ಹೊರಗೆ ಬಂದು ಯಾರನ್ನೂ ನೋಡದೆ ಅಂದರು.

"ಹರವಿ ಮುನಿದೈತಿ."

ನೊರೆ ಬೆಳ್ಳಗಾಗಿತ್ತು. ನೀರು ಮಂಕಾಗಿ ಬೂದಿ ನೀರಿನ ಹಾಗೆ ಕಾಣುತ್ತಿತ್ತು. ಬೆಲ್ಲ ಹಾಕಿದರು, ಮತ್ತೆ ಹಾಕಿದರು. ತಗಚೆ ಬೀಜ ಬೇಯಿಸಿ ಬಿಸಿಬಿಸಿ ಸುರಿದರು. ಕುಳ್ಳಿನ ಬೆಂಕಿ ಮಾಡಿ ನಾವು ಹೊಗೆಯಲ್ಲಿ ಕಣ್ಣು ಉಜ್ಜಿಕೊಳ್ಳುತ್ತ ಕುಳಿತೆವು. ಅದ್ದಿ ನೋಡಿದ ಒಂದು ಎಳೆ ನೂಲು ತೊಳೆದ ಕೂಡಲೇ ಬೆಳ್ಳಗಾಗಿ ಕೈಗೆ ಬಂತು. ನಡುಮನೆಯಲ್ಲಿ ರುದ್ರಪ್ಪನವರ ನೂಲು, ಒಳಗೆ ಸತ್ತ ಹರವಿ.

ಆಗ ಅತ್ತೆ ನೀಲಗಾರರ ಕೊನೆಯ ಉಪಾಯ ಎತ್ತಿದಳು. ಅದು ನನಗೂ ತವರಿನಿಂದ ಗೊತ್ತಿದ್ದದ್ದೇ. ಹರವಿ ಮುನಿದರೆ ನೀಲಗಾರರ ಮನೆಯಿಂದ ಊರಿನಲ್ಲಿ ಒಂದು ದೊಡ್ಡ ಸುಳ್ಳು ಬಿಡಬೇಕು. ಅದು ಬಾಯಿಂದ ಬಾಯಿಗೆ ಹಬ್ಬಿದ ಹಾಗೆ ಹರವಿಯಲ್ಲಿ ನೊರೆ ಏರುತ್ತದೆ. ಬಾಯಿಗೆ ಬಂದ ಸುಳ್ಳು ನಡೆಯುವುದಿಲ್ಲ, ಅದಕ್ಕೂ ಕಟ್ಟಳೆ ಇದೆ. ಯಾರ ಹೆಸರೂ ಕೆಡಬಾರದು. ಸುಳ್ಳಿನಿಂದ ನೀಲಗಾರನಿಗೆ ಲಾಭ ಇರಬಾರದು. ನೊರೆ ತಾಮ್ರದ ಬಣ್ಣಕ್ಕೆ ತಿರುಗುವವರೆಗೆ ಸುಳ್ಳೆಂದು ಒಪ್ಪಬಾರದು, ಒಪ್ಪಿದರೆ ಹರವಿ ಮತ್ತೆ ಏಳುವುದಿಲ್ಲ. ಅತ್ತೆ ತಾನು ಹೊಸದಾಗಿ ಬಂದಾಗ ತಿಳವಳ್ಳಿಯ ಗುಡಿಯ ಕಲ್ಲುಕಂಬದ ಸಾಲಿನಲ್ಲಿ ಹುಲಿ ಮಲಗಿದೆ ಅಂತ ಹೇಳಿದ್ದಕ್ಕೆ ಅರ್ಧ ಹಾನಗಲ್ಲು ಬಡಿಗೆ ಹಿಡಿದು ಹೋಗಿತ್ತಂತೆ. ಅದನ್ನು ಹೇಳುವಾಗ ಅವಳ ಮುಖ ಅರಳುತ್ತಿತ್ತು.

ಆದರೆ ಊರಿಗೂ ಈ ಸಂಗತಿ ಗೊತ್ತು. ಯಾರು ಏನು ನಂಬಲಾರದ ಮಾತು ಹೇಳಿದರೂ "ನೀಲಗಾರರ ಹರವಿ ಕೆಟ್ಟೈತೇನಪಾ" ಎಂದು ನಗುವ ಊರು ಅದು. ಮಾವನವರು ಧರ್ಮಾ ಹೊಳೆಯಲ್ಲಿ ಮೊಸಳೆ ಕಂಡೆ ಎಂದು ಹೇಳಿ ಬಂದರು. ಕ್ಷೌರದ ಅಂಗಡಿಯಲ್ಲೇ ನಕ್ಕುಬಿಟ್ಟರಂತೆ. ಅತ್ತೆ ನೀರಿಗೆ ಹೋದಲ್ಲಿ ಎರಡು ತಲೆಯ ಕರುವಿನ ಸುದ್ದಿ ಬಿಟ್ಟಳು, ಅದು ಬಾವಿಕಟ್ಟೆಯನ್ನೇ ದಾಟಲಿಲ್ಲ. ಆ ವರ್ಷ ಬೇರೆ, ಯುದ್ಧದ ಸುದ್ದಿಯೇ ದಿನಕ್ಕೊಂದು ಬರುತ್ತಿತ್ತು. ಊರಿಗೆ ಊರೇ ಸುಟ್ಟುಹೋದ ಸುದ್ದಿ ಕೇಳುವವರು ನಮ್ಮ ಮೊಸಳೆಗೆ ಯಾಕೆ ಕಿವಿ ಕೊಡುತ್ತಾರೆ?

ನಮ್ಮ ಮನೆಯವರು ಇದನ್ನೆಲ್ಲ ನೋಡುತ್ತಿದ್ದರು. ಮಾತಿನಲ್ಲಿ ಚುರುಕು, ಎಂಥವರನ್ನೂ ನಗಿಸುವ ಮನುಷ್ಯ.

"ಮಂದಿ ತಮಗ ಬೇಕಾದ್ದನ್ನ ನಂಬ್ತಾರವ್ವ. ಮೊಸಳಿ ಯಾರಿಗೆ ಬೇಕಾಗೇತಿ?" ಎಂದು ಅತ್ತೆಗೆ ಹೇಳಿ, ಅಕ್ಕಿಆಲೂರಿನ ಸಂತೆಗೆ ಹೋದರು.

ದೀಪ ಹಚ್ಚುವ ಹೊತ್ತಿಗೆ ತಿರುಗಿ ಬಂದರು, ಮುಖದ ತುಂಬ ನಗು.

"ಹತ್ತಿತು. ನಾ ಸಂತಿ ಬಿಟ್ಟು ಬರೂದ್ರಾಗ ಆ ಸುದ್ದಿ ನನಗ ತಿರುಗಿ ಮೂರು ಮಂದಿ ಹೇಳಿದ್ರು!"

"ಏನಂತ ಬಿಟ್ಟಿ?" ಮಾವ ಕೇಳಿದರು.

"ಹಾವೇರಿ ಸ್ಟೇಶನ್ನಿಗೆ ಬಣ್ಣದ ಪುಡಿ ಬಂದು ಬಿದ್ದೈತಿ ಅಂದೆ. ನವಿಲಿನ ಚಿತ್ರದ ಡಬ್ಬಿ. ಯುದ್ಧದ ಸಲುವಾಗಿ ಕೀಲಿ ಹಾಕ್ಯಾರ, ಇವತ್ತೋ ನಾಳೆಯೋ ಬಿಡ್ತಾರ ಅಂದೆ."

ಮಾವನವರ ಕೈಯಲ್ಲಿ ಸುಣ್ಣದ ತಿಳಿಯ ತಂಬಿಗೆ ಇತ್ತು. ಅದನ್ನು ಕೆಳಗಿಟ್ಟರು. "ಎಲ್ಲಾ ಬಿಟ್ಟು ಅದನ್ನ ಹೇಳಿದ್ಯಾ?"

"ಲಾಭ ಇರಬಾರದು ಅಂತ ನೀವ ಹೇಳಿದ್ರಲ್ಲ. ಇದ್ರಾಗ ನಮಗ ಏನ್ ಲಾಭ ಐತಿ, ನೀವ ಹೇಳ್ರಿ?"

ಮಾವನವರು ತಂಬಿಗೆ ಎತ್ತಿಕೊಂಡು ನೀಲಿಮನೆಯ ಒಳಗೆ ಹೋದರು. ಕಟ್ಟಳೆಯನ್ನು ಮಗ ಅಕ್ಷರ ತಪ್ಪದೆ ನಡೆಸಿದ್ದ. ನಾನಾದರೆ ಅಂದೇ ಓಡಿಹೋಗಿ ಅದು ಸುಳ್ಳು, ನನ್ನ ಗಂಡ ಹೇಳಿದ ಸುಳ್ಳು ಎಂದು ಕೂಗುತ್ತಿದ್ದೆ ಎಂದು ಈಗ ಅನ್ನಿಸುತ್ತದೆ. ಅದು ಈಗಿನ ಮಾತು. ಆಗ ನನಗೂ ಆ ಧೈರ್ಯ ಇರಲಿಲ್ಲ. ನೊರೆ ತಿರುಗುವ ಮೊದಲು ಬಾಯಿ ಬಿಟ್ಟರೆ ಹರವಿ ಸತ್ತೇ ಹೋಗುತ್ತದೆ ಎಂದು ಮನೆಯಲ್ಲಿ ನಾಲ್ವರೂ ನಂಬಿದ್ದೆವು. ಹರವಿ ಸತ್ತರೆ ರುದ್ರಪ್ಪನವರ ನೂಲಿಗೆ ಏನು ಮಾಡುವುದು? ಸುಮ್ಮನಿದ್ದೆವು. ಕಾದೆವು.

ಹರವಿ ಬದುಕಿತು. ಸುಳ್ಳಿಗೆ ಬದುಕಿತೋ, ನಡುವೆ ಎರಡು ದಿನ ಬಿಸಿಲು ಬಿದ್ದದ್ದಕ್ಕೆ ಬದುಕಿತೋ, ನಾನು ಮತ್ತೆ ತಂದು ತುಂಬಿದ ಲದ್ದಿಗೆ ಬದುಕಿತೋ, ಶಿವನೇ ಬಲ್ಲ. ಒಂದು ಬೆಳಿಗ್ಗೆ ಮಾವನವರು ಒಳಗಿನಿಂದಲೇ "ಗೌರೀ" ಎಂದು ಕೂಗಿದರು. ಅತ್ತೆಯನ್ನು ಅವರು ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಹೋಗಿ ನೋಡಿದರೆ ತಾಮ್ರದ ನೊರೆ, ಹರವಿಯ ಬಾಯಿ ತುಂಬ. ಒಂದು ಲಡಿ ನೂಲು ಅದ್ದಿ ಎತ್ತಿದರು. ಹಸಿರು ನೂಲು ನಮ್ಮೆದುರು ನೀಲಿಯಾಯಿತು, ನವಿಲಿನ ಕತ್ತಿನಂಥ ನೀಲಿ. ಮಾವ ಅಳುತ್ತಿದ್ದರು. ಎಲ್ಲರೂ ಕೈ ಹಚ್ಚಿದರೆ ಸಂಕ್ರಾಂತಿಯ ಒಳಗೆ ಮುಗಿಯುತ್ತದೆ ಎಂದು ಅಂದೇ ನೂಲು ನೆನೆಹಾಕಲು ಕುಳಿತೆವು.

ಆ ನೂಲು ನೀರಿನಲ್ಲಿ ನೆನೆಯುತ್ತಿರುವಾಗಲೇ ರುದ್ರಪ್ಪನವರ ಗಾಡಿ ಬಂತು. ಖಾಲಿ ಗಾಡಿ.

"ನೂಲು ತಿರುಗಿ ಕೊಡ್ರಿ ಈರಪ್ಪನವರ, ತಪ್ಪು ತಿಳ್ಕೋಬ್ಯಾಡ್ರಿ. ಪುಡಿ ಬಂದೈತಿ. ನಿಮ್ಮ ಹರವಿಗೆ ದಿನಗಟ್ಟಲೆ ಕಾಯೂಕಿಂತ ಅದು ಸಸಾರ."

ಈಗ ಹೇಳಬಹುದಿತ್ತು, ನೊರೆ ತಿರುಗಿತ್ತು. ಮಾವನವರು ಹೇಳಿದರು. ಮಗನನ್ನು ಎದುರಿಗೆ ನಿಲ್ಲಿಸಿ ಹೇಳಿಸಿದರು. ರುದ್ರಪ್ಪನವರು ಪೂರ್ತಿ ಕೇಳಿಸಿಕೊಂಡು ನಕ್ಕರು.

"ಹರವಿ ಕೆಟ್ಟೈತಿ ಅಂತ ಕಾಣ್ತೈತಿ! ಅದಕ್ಕ ನನಗ ಸುಳ್ಳು ಹೇಳಾಕತ್ತೀರಿ."

"ಇಲ್ರೀ ಯಪ್ಪಾ, ಒಳಗ ಬಂದು ನೋಡ್ರಿ, ಹರವಿ ಚೊಲೋ ಐತಿ."

ಮಾವ ಅವರನ್ನು ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ನೊರೆ ತೋರಿಸಿದರು. ನೋಡಿದರು. ಹೊರಗೆ ಬಂದು ರುದ್ರಪ್ಪನವರು ಅಂದರು.

"ಹರವಿ ಚೊಲೋ ಐತಿ, ಒಪ್ಪಿದೆ. ಆದ್ರ ನಾ ಅಕ್ಕಿಆಲೂರ ಸಂತ್ಯಾಗಿನ ಮಾತು ಕೇಳಿ ಬಂದಿಲ್ರಿ. ಸವಣೂರಿನ ವ್ಯಾಪಾರಿ ಹೇಳ್ಯಾನ. ನವಿಲಿನ ಡಬ್ಬಿ ಕಣ್ಣಾರೆ ಕಂಡವ್ರು ಅವಗ ಹೇಳ್ಯಾರ."

ನಮ್ಮ ಮನೆಯವರು ನೆಲ ನೋಡಿದರು. ಆ ನವಿಲು ಅವರ ತಲೆಯಲ್ಲಿ ಹುಟ್ಟಿದ್ದು. ಸಂತೆಯಿಂದ ಸವಣೂರಿಗೆ ಹೋಗುವಷ್ಟರಲ್ಲಿ ಅದನ್ನು ಕಂಡವರೂ ಹುಟ್ಟಿಕೊಂಡಿದ್ದರು. ನೆನೆದ ನೂಲನ್ನೂ ಹಿಂಡಿ ಗಾಡಿಗೆ ಹಾಕಿಕೊಟ್ಟೆವು. ಅತ್ತೆ ಗಾಡಿಯವನಿಗೆ ಕುಡಿಯಲು ಮಜ್ಜಿಗೆ ಕೊಟ್ಟಳು. ನನಗೆ ಅವಳ ಮೇಲೂ ಸಿಟ್ಟು ಬಂತು, ಗಾಡಿಯವನ ಮೇಲೂ ಸಿಟ್ಟು ಬಂತು.

ಬದುಕಿದ ಹರವಿಗೆ ದಿನಾ ಏನಾದರೂ ಅದ್ದಲೇಬೇಕು, ಇಲ್ಲದಿದ್ದರೆ ಹುಳಿ ಮಿತಿಮೀರಿ ಕೊಳೆಯುತ್ತದೆ. ನೂಲಿರಲಿಲ್ಲ. ಮಾವನವರು ತಮ್ಮ ಧೋತರ ಅದ್ದಿದರು. ಆಮೇಲೆ ರುಮಾಲು, ಹಾಸಿಗೆಯ ದುಪ್ಪಡಿ, ಅತ್ತೆಯ ಹಳೇ ಕುಪ್ಪಸ, ಹಿಟ್ಟು ಜರಡಿ ಹಿಡಿಯುವ ಬಟ್ಟೆ. ಪುಷ್ಯ ಮಾಸದ ಆ ಥಂಡಿಯಲ್ಲಿ ಕೌದಿಯೂ ಇಲ್ಲದೆ ಮುದುಕ ಹರವಿಯ ಪಕ್ಕದಲ್ಲೇ ಮಲಗುತ್ತಿದ್ದರು, ಬೆಲ್ಲ ಹಾಕುತ್ತಿದ್ದರು, ಕೋಲಿನಿಂದ ತಿರುವುತ್ತಿದ್ದರು. ಇಂದಲ್ಲ ನಾಳೆ ಸುಳ್ಳು ಬಯಲಾಗುತ್ತದೆ, ನೂಲು ತಿರುಗಿ ಬರುತ್ತದೆ ಎಂಬ ಆಸೆ ಅವರದು. ನಮ್ಮ ನಾಲ್ವರ ಮೈಮೇಲೂ ನೀಲಿ ಬಟ್ಟೆ. ದಾರಿಯಲ್ಲಿ ಹೋದರೆ ಊರ ಮಂದಿ ತಡೆಯಲಾರದೆ ನಗುತ್ತಿದ್ದರು. ನಾನೂ ಒಂದೆರಡು ದಿನ ನಕ್ಕೆ, ಆಮೇಲೆ ನಗು ಬರಲಿಲ್ಲ. ಅದ್ದಲು ಮನೆಯಲ್ಲಿ ಇನ್ನು ಬಿಳಿಯದು ಏನೂ ಉಳಿದಿಲ್ಲ ಎಂದು ಅತ್ತೆ ಹೇಳಿದ ದಿನ ಮಾವ ಕೋಲನ್ನು ಗೋಡೆಗೆ ಒರಗಿಸಿಟ್ಟರು.

ಸಂಕ್ರಾಂತಿ ಬಂದು ಹೋಯಿತು. ಸುಳ್ಳು ಬಯಲಾಗಲಿಲ್ಲ, ಅದು ಇನ್ನೂ ಬೆಳೆಯಿತು. ಡಬ್ಬಿಗೆ ಪೊಲೀಸರ ಕಾವಲಿದೆಯಂತೆ, ಬರುವ ವಾರ ಬಿಡುತ್ತಾರಂತೆ, ಮೊದಲು ಬಂದವರಿಗೆ ಮೊದಲಂತೆ. ಹರವಿ ಒಳಗೊಳಗೇ ಕೊಳೆತು ನಾರತೊಡಗಿತು. ನಾನೂ ಮಾವನೂ ಅದನ್ನು ಕೊಡದಿಂದ ಕೊಡಕ್ಕೆ ಮೊಗೆದು ತಿಪ್ಪೆಗೆ ಚೆಲ್ಲಿದೆವು. ಖಾಲಿ ಹರವಿಗೆ ಮಣ್ಣು ತುಂಬಿ ನೆಲ ಸಾರಿಸಿದೆವು. ಸಾರಿಸುವಾಗ ನಾನು ಜೋರಾಗಿ ಅತ್ತುಬಿಟ್ಟೆ. ಮಾವ ಸುಮ್ಮನಿರು ಎನ್ನಲಿಲ್ಲ. ನಮ್ಮ ಮನೆಯವರು ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ಚೀಲ ಹೊರಲು ಸೇರಿಕೊಂಡರು. ಆಮೇಲೆ ಅವರು ಬದುಕಿದ್ದಷ್ಟು ಕಾಲವೂ ನಾನು ಅವರ ಬಾಯಲ್ಲಿ ಒಂದು ಚೇಷ್ಟೆಯ ಮಾತು ಕೇಳಲಿಲ್ಲ.

ಶಿವರಾತ್ರಿಯ ಹೊತ್ತಿಗೆ ಚಳಿ ಹಿಂದೆ ಸರಿಯಿತು. ಒಂದು ಮಧ್ಯಾಹ್ನ ಜಗಲಿಗೆ ಯಾರೋ ಬಂದು ನಿಂತರು. ಧೂಳು ತುಂಬಿದ ಕಾಲು, ಗಡ್ಡ ಬೆಳೆದ ಮುಖ. ರುದ್ರಪ್ಪನವರು ಎಂದು ನನಗೆ ಕೂಡಲೇ ತಿಳಿಯಲಿಲ್ಲ. ಮಗ್ಗಗಳೆಲ್ಲ ನಿಂತಿದ್ದವಂತೆ. ಪುಡಿ ಬಂದೇ ಬರುತ್ತದೆ ಎಂದು ನೇಕಾರರನ್ನು ಕಾಯಿಸಿ ಕಾಯಿಸಿ ಲಗ್ನದ ಸೀರೆ ಒಂದೂ ಆಗಲಿಲ್ಲ. ಗಾಡಿ, ಎತ್ತು ಮಾರಿದ್ದರು. ನೇಕಾರರು ಒಬ್ಬೊಬ್ಬರಾಗಿ ಮನೆ ಬಿಟ್ಟು ಹೋಗುತ್ತಿದ್ದರು. ಇವರು ಹಾವೇರಿ ಸ್ಟೇಶನ್ನಿಗೆ ಹೋಗುವುದು, ಕೇಳುವುದು, ಅಲ್ಲಿಯವರು ಬೈದು ಕಳಿಸಿದ ಮೇಲೆ ತಿರುಗಿ ಬರುವುದು, ಇದೇ ಕೆಲಸ ಮಾಡಿದ್ದರು.

"ಸವಣೂರಾವ್ನ ಕೇಳಿದೆ, ಅಂವ ಹಾವೇರಿಯಾವ್ನ ಹೆಸರು ಹೇಳಿದ. ಹಾವೇರಿಯಾಂವ ಅಕ್ಕಿಆಲೂರಾಗ ಕೇಳಿದ್ದು ಅಂದ. ಅಕ್ಕಿಆಲೂರಾಗ ನಿಮ್ಮ ಮಗನ ಹೆಸರು ಹೇಳ್ತಾರ" ಎಂದರು.

"ಹೌದ್ರಿ, ಅವತ್ತ ಹೇಳಿದ್ವಲ್ಲ" ಎಂದರು ಮಾವ.

"ಹೇಳಿದ್ರಿ. ಅದಕ್ಕ ಬಂದೇನಿ. ನಿಮ್ಮ ಮಗಗ ಯಾರು ಹೇಳಿದ್ರು ಅಂತ ಕೇಳಬೇಕಾಗೇತಿ. ಅವಗೂ ಯಾರೋ ಹೇಳಿರಬೇಕಲ್ರಿ? ಆ ಮನಷ್ಯಾನ ಹೆಸರು ಹೇಳ್ರಿ, ನಾ ಹುಡುಕ್ಕೊಂಡು ಹೋಗ್ತೇನಿ."

ಅಂವಗ ಯಾರೂ ಹೇಳಿಲ್ರಿ ಎಂದು ಮಾವ ಎರಡು ಸಲ ಹೇಳಿದರು. ರುದ್ರಪ್ಪನವರು ಕದಲಲಿಲ್ಲ. ಮೂರನೆಯ ಸಲವೂ ಅದನ್ನೇ ಕೇಳಿದರು, ಈ ಸಲ ಕೈ ಜೋಡಿಸಿ. ಮಾವ ಆ ಕೈಗಳನ್ನು ಹಿಡಿದು ಕೆಳಗಿಳಿಸಿದರು.

"ಹೋಳಿ ಹುಣ್ಣಿವಿ ಆದಮ್ಯಾಲ ಬಿಡ್ತಾರಂತ್ರಿ" ಎಂದರು. "ಈ ಸಲ ಖರೇನ ಐತಂತ. ನೀವು ಮನಿಗೆ ನಡೀರಿ."

ರುದ್ರಪ್ಪನವರು ನೆಮ್ಮದಿಯ ಉಸಿರು ಬಿಟ್ಟರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ನೀರು ಕೇಳಿದರು. ನಾನು ತಂದುಕೊಟ್ಟ ತಂಬಿಗೆ ನೀರನ್ನು ಪೂರ್ತಿ ಕುಡಿದು, ಮುಖ ಒರೆಸಿಕೊಂಡು, ನಗುಮುಖದಿಂದಲೇ ಮೆಟ್ಟಿಲಿಳಿದರು.

ಅವರು ಓಣಿ ದಾಟಿದ ಮೇಲೆ ಅತ್ತೆ ಕೇಳಿದಳು.

"ಹರವಿ ಮುಚ್ಚಿ ಆತಲ್ರಿ. ಈ ಸುಳ್ಳು ಯಾತಕ್ಕ?"

"ಅಂವ ಶಿಗ್ಗಾಂವ ಮುಟ್ಟೂತನಕ ಈ ಸುಳ್ಳು ಬಾಳಿದ್ರ ಸಾಕು" ಎಂದರು ಮಾವ.